ಯಾವುದು ಬಂದಿದ್ದರೆ ಸಮಾಧಾನವಾಗುತ್ತಿತ್ತು?

ಮಂಗಳವಾರ ಸಂಜೆ ಆ ವೈದ್ಯರು ನನ್ನ ಫೈಲನ್ನು ಪೂರ್ತಿ ಓದಿದರು. ಇದನ್ನು ಹೇಳಲೇಬೇಕು, ಏಕೆಂದರೆ ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಉಳಿದವರೆಲ್ಲ ಹಾಳೆ ತಿರುವುತ್ತ, ಮಿತಿ ಮೀರಿದ್ದನ್ನು ತೋರಿಸುವ ದಪ್ಪ ಅಕ್ಷರ ಎಲ್ಲಿದೆ ಎಂದಷ್ಟೇ ಹುಡುಕುತ್ತಿದ್ದರು. ಇವರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಹಿಮೋಗ್ಲೋಬಿನ್‌ನಿಂದ ಮೆದುಳಿನ ಎಂಆರ್‌ಐವರೆಗೆ ಒಂದನ್ನೂ ಬಿಡದೆ ನೋಡಿದರು. ಹೊರಗೆ ಸರದಿಯಲ್ಲಿದ್ದವರು ಬೇಕೆಂದೇ ಕೆಮ್ಮುತ್ತಿದ್ದರು. ಕೊನೆಗೆ ಫೈಲ್ ಮುಚ್ಚಿ ನನ್ನ ಕಡೆಗೆ ಸರಿಸಿ ಕೇಳಿದರು:

“ಇದರಲ್ಲಿ ಯಾವುದು ಬಂದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತು ಮೇಡಂ?”

ವ್ಯಂಗ್ಯವಾಗಿದ್ದರೆ ಎಷ್ಟೋ ವಾಸಿಯಿತ್ತು. ಪಿಯು ಕಾಲೇಜಿನಲ್ಲಿ ಇಷ್ಟು ವರ್ಷ ಭೌತಶಾಸ್ತ್ರ ಕಲಿಸಿದವಳಿಗೆ ವ್ಯಂಗ್ಯಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಆದರೆ ಅವರು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದರು, ಕೇಳಿ ಕಾಯುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಯಜಮಾನರು “ಛೇ, ಹಾಗೇನಿಲ್ಲ ಡಾಕ್ಟರೇ” ಎಂದರು. ನನ್ನ ಪರವಾಗಿ ಉತ್ತರಿಸುವುದರಲ್ಲಿ ಅವರು ಪಳಗಿದ ಕೈ. ಎಲ್ಲಿ ನೋವು ಎಂದು ನನ್ನನ್ನು ಕೇಳಿದರೂ ಮೊದಲು ಅವರ ಕೈ ಮೇಲೇಳುತ್ತದೆ.

ಈ ತಲೆಸುತ್ತು ಶುರುವಾದದ್ದು ದಸರಾ ರಜೆ ಮುಗಿದ ಮೇಲೆ. ಬೋರ್ಡಿನ ಮೇಲೆ ಪಟ್ಟಕದ ಚಿತ್ರ ಬರೆದು ವಿಚಲನ ಕೋನವನ್ನು ಗುರುತಿಸಿ ಮಕ್ಕಳ ಕಡೆಗೆ ತಿರುಗಿದೆ. ನಾನು ತಿರುಗಿದ್ದಾಯಿತು, ತರಗತಿ ಮಾತ್ರ ಒಂದು ಕ್ಷಣ ತಡವಾಗಿ ನನ್ನ ಹಿಂದೆ ಬಂತು. ಎರಡು ಸಾಲು ನೀಲಿ ಸಮವಸ್ತ್ರ ಎಡಕ್ಕೆ ಜಾರಿ ಮತ್ತೆ ಸ್ವಸ್ಥಾನಕ್ಕೆ ಬಂದು ನಿಂತವು. ನೆಲ ಮಳೆಗಾಲದ ಗದ್ದೆಬದುವಿನಂತೆ ಅಂಗಾಲಿನಡಿ ಮೆತ್ತಗಾಯಿತು. ಮೇಜಿನ ಅಂಚನ್ನು ಹಿಡಿದ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಗಿತ್ತು. ಮೊದಲ ಬೆಂಚಿನ ಹುಡುಗಿ ಅರ್ಧ ಎದ್ದು “ಮೇಡಂ, ನೀರು…” ಎಂದಳು. “ಪತನ ಕೋನ ಎಷ್ಟು, ಹೇಳು” ಎಂದು ಅವಳನ್ನೇ ಕೇಳಿ ಕೂರಿಸಿದೆ. ಪಾಪ, ಸರಿಯಾಗಿಯೇ ಹೇಳಿದಳು.

ಆಮೇಲೆ ಅದು ಎಲ್ಲೆಂದರಲ್ಲಿ ಬರತೊಡಗಿತು. ಕಾಲೇಜಿನ ಉದ್ದನೆಯ ಓಣಿಯಲ್ಲಿ, ಸೂಪರ್‌ಮಾರ್ಕೆಟ್ಟಿನ ಸಾಲು ಕಪಾಟುಗಳ ನಡುವೆ, ನಿಂತ ಬಸ್ಸಿನ ಪಕ್ಕದ ಬಸ್ಸು ಹೊರಟಾಗ. ಒಮ್ಮೆಯೂ ಬೀಳಲಿಲ್ಲ. ಅದೇ ತೊಂದರೆಯಾಯಿತು, ಬಿದ್ದಿದ್ದರೆ ಎಲ್ಲರೂ ನಂಬುತ್ತಿದ್ದರು.

ನಮ್ಮೂರು ಹಾಸನ ಎಂದರೆ ಉಳಿದದ್ದನ್ನು ನೀವೇ ಊಹಿಸಬಹುದು. 2025ರ ಜೂನ್, ಜುಲೈಯಲ್ಲಿ ದಿನ ಬೆಳಗಾದರೆ ಹೃದಯಾಘಾತದ ಸುದ್ದಿ, ಅದೂ ಚಿಕ್ಕ ವಯಸ್ಸಿನವರದು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಬಂದವರ ಸಾಲು ಬೆಳೆಯುತ್ತಲೇ ಹೋಯಿತು. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೇ ಒಂದು ಭಯ ನಮ್ಮೊಳಗೆ ಬಂದು ಕೂತಿತ್ತು; ಈಗ ಅದು ಎದ್ದು ಓಡಾಡತೊಡಗಿತು. ತಜ್ಞರ ಸಮಿತಿ ಪರಿಶೀಲಿಸಿ ಸಾವುಗಳಲ್ಲಿ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಇರಬಹುದು. ಆದರೆ ನಮ್ಮ ಸ್ಟಾಫ್ ರೂಮಿನಲ್ಲಿ ತೇಗು ಬಂದವರು ಕೂಡ ಎಡ ಎದೆ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ರಸಾಯನಶಾಸ್ತ್ರದ ಮೇಡಂ ಬಿಪಿ ಯಂತ್ರವನ್ನು ಊಟದ ಡಬ್ಬಿಯ ಜೊತೆ ತರುತ್ತಾರೆ. ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು. ಎರಡು ಸಂಖ್ಯೆಗಳಲ್ಲಿ ಹೆಚ್ಚಿನದನ್ನೇ ನಂಬುತ್ತಾರೆ.

ಹೀಗಾಗಿ ಇಸಿಜಿಯಿಂದಲೇ ನನ್ನ ಯಾತ್ರೆ ಶುರು. ಸರಿಯಿದೆ ಎಂದರು. ಆದರೆ ಮಾಮೂಲಿ ಇಸಿಜಿ ಸುಮಾರು 10 ಸೆಕೆಂಡಿನ ಹೃದಯವನ್ನಷ್ಟೇ ದಾಖಲಿಸುತ್ತದೆ. ಅಳತೆಯ ಮಿತಿಯ ಬಗ್ಗೆ ಮಕ್ಕಳಿಗೆ ಪಾಠ ಹೇಳುವವಳಿಗೆ ಆ ಹತ್ತು ಸೆಕೆಂಡಿನ ಆಚೆಯದ್ದೇ ಚಿಂತೆ. ಎಕೋ ಆಯಿತು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಮೇಲಿನ ಸಂಖ್ಯೆ 20ರಷ್ಟು ಇಳಿದರೆ ಅದೊಂದು ಕಾರಣವಾಗುತ್ತಿತ್ತು. ಇಳಿಯಲಿಲ್ಲ. ಕಿವಿಯ ತಜ್ಞರು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಓರೆ ಮಾಡಿ, ಕತ್ತು ಮಂಚದಾಚೆ ಇಳಿಬೀಳುವಂತೆ ಒಮ್ಮೆಗೇ ಹಿಂದಕ್ಕೆ ಮಲಗಿಸಿ ನನ್ನ ಕಣ್ಣುಗಳನ್ನೇ ನೋಡುತ್ತ ನಿಂತರು. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳಿರುತ್ತವೆ, ಸುಣ್ಣದ ಕಲ್ಲಿನಲ್ಲಿರುವುದೇ. ಅವು ಜಾಗ ತಪ್ಪಿ ಅರ್ಧವರ್ತುಲ ನಾಳಕ್ಕೆ ಬಿದ್ದರೆ ಕಣ್ಣುಗುಡ್ಡೆ ಅದುರುತ್ತದೆ, ಪ್ರಪಂಚ ಗಿರ್ರನೆ ಸುತ್ತುತ್ತದೆ. ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಮನೆಗೆ ಸೇರಿಸುವ ವಿಧಾನವನ್ನು ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು ಕಂಡುಹಿಡಿದಿದ್ದಾರೆ. ಎಷ್ಟೋ ಜನರಿಗೆ ಒಂದೇ ಸಲಕ್ಕೆ ವಾಸಿಯಾಗುತ್ತದೆ. ಮಂಚದ ಮೇಲೆ ತಲೆ ಇಳಿಬಿಟ್ಟುಕೊಂಡು ನಾನು ಹರಳಿಗಾಗಿ ಹರಕೆ ಹೊತ್ತೆ. “ಎಲ್ಲಾ ಜಾಗದಲ್ಲೇ ಇವೆ” ಎಂದರು ಅವರು ಹರ್ಷದಿಂದ.

ಸ್ತ್ರೀರೋಗ ತಜ್ಞೆ ನನ್ನ ವಯಸ್ಸು ಕೇಳಿದರು. 48 ಎಂದೆ. “ಮುಟ್ಟು ನಿಲ್ಲುವ ಹೊತ್ತು, ಇದೆಲ್ಲ ಇದ್ದದ್ದೇ” ಎಂದರು. ‘ಇದ್ದದ್ದೇ’ ಎಂಬ ಕಾಯಿಲೆಗೆ ಮಾತ್ರೆಯಿಲ್ಲ. ಇನ್ನೊಬ್ಬರು ಕತ್ತಿನ ಎಕ್ಸ್‌ರೇ ನೋಡಿ ಸರ್ವೈಕಲ್ ಎಂದು ಪಟ್ಟಿ ಕಟ್ಟಿಕೊಳ್ಳಲು ಹೇಳಿದರು; ನನ್ನ ವಯಸ್ಸಿನ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಏನಾದರೊಂದು ಸವೆತ ಕಾಣುತ್ತದೆ ಎಂದು ಮತ್ತೊಬ್ಬರು ಅದನ್ನು ಬಿಚ್ಚಿಸಿದರು.

ಇಷ್ಟೂ ಜನರ ನಡುವೆ ನನಗೆ ಕಾಯಿಲೆ ಇದೆಯೆಂದು ತಕರಾರಿಲ್ಲದೆ ಒಪ್ಪಿದವರು ಅತ್ತೆಯೊಬ್ಬರೇ. “ಪಿತ್ತ ನೆತ್ತಿಗೇರಿದೆ ಕಣಮ್ಮ” ಎಂದು ಮೊದಲ ದಿನವೇ ತೀರ್ಪು ಕೊಟ್ಟು ಕೊತ್ತಂಬರಿ ಬೀಜ, ಜೀರಿಗೆ ಜಜ್ಜಿ ಕಷಾಯ ಮಾಡಿಕೊಟ್ಟರು. ಎಂಬತ್ತು ದಾಟಿದ ಅವರ ಕೈ ನಡುಗುತ್ತದೆ, ಲೋಟದ ಅರ್ಧ ತಟ್ಟೆಗೆ ಚೆಲ್ಲಿರುತ್ತದೆ. ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಾರೆ. ಈ ಮನೆಯಲ್ಲಿ ಅವರ ಬಿಪಿ, ಮಗನ ಸಕ್ಕರೆ, ಮೊಮ್ಮಗನ ಅಲರ್ಜಿ, ಎಲ್ಲರ ಫೈಲುಗಳನ್ನು ಬಣ್ಣಬಣ್ಣದ ಹೊದಿಕೆ ಹಾಕಿ ಇಟ್ಟಿರುವವಳು ನಾನು. ನನ್ನದು ಮಾತ್ರ ಲ್ಯಾಬಿನವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು.

ಆ ಲ್ಯಾಬಿನ ‘ಸಂಪೂರ್ಣ ಆರೋಗ್ಯ’ ಪ್ಯಾಕೇಜಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದು ಒಂದೇ, ಮೈಯಲ್ಲಿ ಉರಿಯೂತವಿದ್ದರೆ ಏರುವ ರಕ್ತಪರೀಕ್ಷೆಯ ಸಂಖ್ಯೆ: ಇಎಸ್‌ಆರ್ 28. ಪಕ್ಕದಲ್ಲಿ, 20ರೊಳಗೆ ಇರಬೇಕು ಎಂದಿತ್ತು. ಆ 28ನ್ನು ನಾನು ಎಷ್ಟು ಸಾಕಿದ್ದೆನೆಂದರೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಅದರ ಕುಲಗೋತ್ರ ಹುಡುಕುತ್ತಿದ್ದೆ. ಕ್ಷಯದಿಂದ ಕ್ಯಾನ್ಸರಿನವರೆಗೆ ಅದರ ನೆಂಟರು ಎಲ್ಲೆಡೆ ಇದ್ದಾರೆ. ಮಂಗಳವಾರ ಆ ವೈದ್ಯರು ಅದನ್ನೂ ಕಿತ್ತುಕೊಂಡರು. “ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಎರಡರಿಂದ ಭಾಗಿಸಿ. ಲೆಕ್ಕದ ಮೇಷ್ಟ್ರಲ್ಲವೇ ನೀವು?” ಭೌತಶಾಸ್ತ್ರ ಎಂದು ತಿದ್ದಲು ಹೋಗಲಿಲ್ಲ. 58ರಲ್ಲಿ ಅರ್ಧ 29. ನನ್ನ 28 ಅದರ ಒಳಗೇ ಇತ್ತು.

ಇನ್ನೂ ಒಂದು ಮಾತು ಹೇಳಿದರು. ಎಷ್ಟೋ ಪರೀಕ್ಷೆಗಳಲ್ಲಿ ನಾರ್ಮಲ್ ಎಂಬ ಅಂತರವನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಉಳಿದ ಐವರು ಗಟ್ಟಿಮುಟ್ಟಾಗಿದ್ದರೂ ಹೊರಗೆ. ಮನೆಗೆ ಬರುತ್ತ ಆಟೋದಲ್ಲಿ ಲೆಕ್ಕ ಹಾಕಿದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಇಲ್ಲದ ಮನುಷ್ಯನಿಗೂ ಒಂದಾದರೂ ದಪ್ಪ ಅಕ್ಷರ ಬರುವ ಸಂಭವ ನೂರಕ್ಕೆ 64! ಪ್ಯಾಕೇಜಿನಲ್ಲಿದ್ದದ್ದು ಇಪ್ಪತ್ತಕ್ಕಿಂತ ಬಹಳ ಹೆಚ್ಚು. ಭಯವನ್ನು ರಿಯಾಯಿತಿ ದರದಲ್ಲಿ ಮಾರುವ ವ್ಯಾಪಾರ ಇದು, ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಸೌಲಭ್ಯ ಬೇರೆ.

ಆದರೆ ಲೆಕ್ಕ ಮುಗಿದ ಮೇಲೂ ಪ್ರಶ್ನೆ ಉಳಿಯಿತು. ಯಾವುದು ಬಂದಿದ್ದರೆ?

ಅಂದು ರಾತ್ರಿ ಮೊದಲು ಬಂದದ್ದು ಕೋಪ. ತಲೆದಿಂಬಿನ ಮೇಲೆ ಅವರಿಗೊಂದು ಭಾಷಣವನ್ನೇ ತಯಾರಿಸಿದೆ: ಹೊಟ್ಟೆಗೆ ಹಿಟ್ಟಿಲ್ಲದವರು ಬೇಡುವಂತೆ ಕಾಯಿಲೆ ಬೇಡಿಕೊಂಡು ಬಂದವಳಲ್ಲ ನಾನು, ಇತ್ಯಾದಿ. ಬುಧವಾರ ಪಾತ್ರೆ ತೊಳೆಯುತ್ತ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ತೆಗೆದುಕೊಂಡೆ. ಥೈರಾಯ್ಡ್ ಬಂದಿದ್ದರೆ ಚೆನ್ನಾಗಿತ್ತು. ನಮ್ಮ ಕಾಲೇಜಿನಲ್ಲಿ ಅರ್ಧದಷ್ಟು ಹೆಂಗಸರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ಪುಟ್ಟ ಮಾತ್ರೆ ನುಂಗಿಯೇ ದಿನ ಆರಂಭಿಸುವುದು, ಮರ್ಯಾದಸ್ಥ ಕಾಯಿಲೆ. ಬಿ12 ಕೊರತೆಯಾದರೆ ಇನ್ನೂ ಉತ್ತಮ: ಸೂಜಿ, ಕೈಕಾಲಿಗೆ ಚುರುಕು, ಒಂದು ತಿಂಗಳಲ್ಲಿ ಹೊಸ ಸಂಖ್ಯೆ. ಹೀಗೆ ಕಾಯಿಲೆಗಳನ್ನು ಸೀರೆ ಆರಿಸಿದಂತೆ ಆರಿಸುತ್ತಿದ್ದಾಗ ಎಂಆರ್‌ಐ ರಿಪೋರ್ಟ್ ಕೈಗೆ ಬಂದ ದಿನ ನೆನಪಾಯಿತು. ‘ವಯಸ್ಸಿಗೆ ಸಹಜವಾದ ಬದಲಾವಣೆಗಳ ಹೊರತು ಏನೂ ಇಲ್ಲ’ ಎಂಬುದನ್ನು ಓದಿದಾಗ ‘ಸದ್ಯ’ ಎಂದುಕೊಳ್ಳುವುದಕ್ಕೆ ಮೊದಲು ಮನಸ್ಸಿನಲ್ಲಿ ಮೂಡಿದ್ದು ‘ಹಾಗಾದರೆ ಇದೇನು?’ ಎಂಬ ಅಸಮಾಧಾನ. ಈ ಎರಡರ ನಡುವಿನ ಅಂತರ ಅರೆಕ್ಷಣವೂ ಇರಲಿಲ್ಲ. ಆದರೆ ಆ ಅಸಮಾಧಾನ ಮೊದಲು ಬಂದಿತ್ತು. ವೈದ್ಯರು ಅದನ್ನು ನನ್ನ ಮುಖದಲ್ಲಿ ಕಂಡಿದ್ದರೇ?

ಬೆಂಗಳೂರಿನ ತಂಗಿಗೆ ಫೋನಿನಲ್ಲಿ ಹೇಳಿದೆ. “ಅಕ್ಕಾ, ನಿನಗೆ ಬೇಕಾಗಿದ್ದದ್ದು ವಿಶ್ರಾಂತಿ. ಕಾಯಿಲೆ ಬಂದರೆ ತಾನೆ ಮನೆಯವರು ಕೂರಲು ಬಿಡುವುದು?” ಎಂದಳು. ಕೇಳಲು ಚೆಂದ, ಬಿಡುವಿಲ್ಲದ ಹೆಂಗಸರ ಬಗ್ಗೆ ಎಲ್ಲರೂ ಹೇಳುವುದೇ. ಆದರೆ ರಜೆ ಬೇಕಿದ್ದರೆ ಅರ್ಜಿ ಬರೆಯಲು ನನಗೆ ಬರುತ್ತದೆ. ನನಗೆ ಬೇಕಾಗಿದ್ದದ್ದು ಸಾಕ್ಷಿ. ಕಿಡ್ನಿಯಲ್ಲಿ ಕಲ್ಲು ಎಂದರೆ ನೆಂಟರು ಸೇಬು, ಎಳನೀರು ಹಿಡಿದು ಬರುತ್ತಾರೆ. ಹೆಸರಿಲ್ಲದ ತಲೆಸುತ್ತಿಗೆ ಬರುವುದು ಉಪದೇಶ ಮಾತ್ರ: ಟೆನ್ಷನ್ ಮಾಡಿಕೊಳ್ಳಬೇಡಿ, ಪ್ರಾಣಾಯಾಮ ಮಾಡಿ. ನಮ್ಮ ನಾದಿನಿಯಂತೂ “ಏನೂ ಇಲ್ಲವಂತಲ್ಲ ಅತ್ತಿಗೆ” ಎಂದದ್ದರಲ್ಲಿ ಎಷ್ಟು ಸಂತೋಷವಿತ್ತೋ ಅಷ್ಟೇ ಆರೋಪವೂ ಇತ್ತು. ಕಳೆದ ವರ್ಷ ಇಸಿಜಿಗೆ ಸಾಲು ನಿಂತ ನಮ್ಮೂರಿನವರಿಗೆ ‘ನೀನಲ್ಲ’ ಎಂಬ ಕಾಗದ ಬೇಕಿತ್ತು. ನನಗೆ ‘ನೀನು ಸುಳ್ಳು ಹೇಳುತ್ತಿಲ್ಲ’ ಎಂಬುದು.

ಹೆಸರೇ ಇಲ್ಲವೆಂದಲ್ಲ. ಆ ವೈದ್ಯರು ಚೀಟಿಯ ಮೂಲೆಯಲ್ಲಿ ಬರೆದುಕೊಟ್ಟರು, ‘ಇದಿರಬಹುದು’ ಎಂಬ ಪ್ರಶ್ನಾರ್ಥಕ ಚಿಹ್ನೆಯ ಜೊತೆ: ಪಿಪಿಪಿಡಿ, ಬಿಡದೆ ಕಾಡುವ ಒಂದು ಬಗೆಯ ತಲೆಸುತ್ತು. “ಮನೆಗೆ ಹೋಗಿ ಹೇಗೂ ಹುಡುಕುತ್ತೀರಿ, ಸರಿಯಾದದ್ದನ್ನೇ ಹುಡುಕಿ.” ಕಿವಿ, ಕಣ್ಣು, ಅಂಗಾಲು ಮತ್ತು ಕೀಲುಗಳು ಕಳಿಸುವ ಸುದ್ದಿಯನ್ನು ಹೊಂದಿಸಿ ಮೆದುಳು ನಮ್ಮನ್ನು ನಿಲ್ಲಿಸುತ್ತದೆ. ಒಮ್ಮೆ ಬೆಚ್ಚಿದ ಮೆದುಳು ಬೆದರಿಕೆ ಹೋದ ಮೇಲೂ ಕಾವಲು ಇಳಿಸದೆ ಪ್ರತಿ ಹೆಜ್ಜೆಯನ್ನೂ ತಪಾಸಣೆ ಮಾಡತೊಡಗಿದರೆ, ತಾನಾಗಿ ಆಗುತ್ತಿದ್ದ ಕೆಲಸ ಎಡವುತ್ತದೆ. ನಿಂತಾಗ, ನಡೆದಾಗ, ಕಣ್ಣಿನ ಮುಂದೆ ಗಜಿಬಿಜಿ ಓಡಾಡಿದಾಗ ಹೆಚ್ಚಾಗುತ್ತದೆ. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ಬಹುತೇಕ ದಿನ ಹೀಗಿರಬೇಕು ಎಂಬ ಲಕ್ಷಣಪಟ್ಟಿಯನ್ನು ಬಾರಾನಿ ಸೊಸೈಟಿ ಪ್ರಕಟಿಸಿದ್ದು 2017ರಲ್ಲಿ. ಒಳಗಿವಿಯ ಸಮತೋಲನದ ಸಂಶೋಧನೆಗಾಗಿ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿಯ ಹೆಸರಿನ ಸಂಸ್ಥೆ ಅದು. ಪ್ರಶಸ್ತಿ ಬಂದಾಗ ಆತ ರಷ್ಯನ್ನರ ಯುದ್ಧಕೈದಿ. ಸುತ್ತಲಿನ ಪ್ರಪಂಚವೇ ತಲೆಕೆಳಗಾಗಿದ್ದಾಗ ತಲೆಸುತ್ತಿಗೆ ನೊಬೆಲ್! ನನಗೇಕೋ ಇದು ಬಹಳ ಹಿಡಿಸಿತು.

ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು. ಅದು ಬಿಟ್ಟು ಇನ್ನು ಆರು ವಾರ ಯಾವ ಪರೀಕ್ಷೆಯೂ ಬೇಡ ಎಂದಿದ್ದಾರೆ. ದಿನವೂ ನಡೆಯಬೇಕು. ಹೆಬ್ಬೆರಳನ್ನು ಎದುರಿಗೆ ಹಿಡಿದು, ಅದರ ಮೇಲಿನ ದೃಷ್ಟಿ ತೆಗೆಯದೆ ತಲೆಯನ್ನು ಅತ್ತಿತ್ತ ಆಡಿಸಬೇಕು. ಇದನ್ನು ನೋಡಿದ ಅತ್ತೆ ಯಾರೋ ಮಾಟ ಮಾಡಿಸಿರಬಹುದೆಂದು ಒಂದು ದಿನ ಗಾಬರಿಯಾಗಿದ್ದರು. ಕಷಾಯ ಮಾತ್ರ ನಿಲ್ಲಿಸಿಲ್ಲ.

ಶುಕ್ರವಾರ ಸ್ಟಾಫ್ ರೂಮಿನಲ್ಲಿ ರಸಾಯನಶಾಸ್ತ್ರದ ಮೇಡಂ ಬಿಪಿ ಪಟ್ಟಿ ಬಿಚ್ಚುತ್ತ “ಕೊನೆಗೆ ಏನಂತೆ ನಿಮ್ಮದು?” ಎಂದರು. ನಾಲ್ಕು ಅಕ್ಷರಗಳ ಹೆಸರು ನಾಲಗೆಯ ತುದಿಯವರೆಗೆ ಬಂತು. “ಪಿತ್ತ” ಎಂದೆ. ಎಲ್ಲರ ಮುಖವೂ ಅರಳಿತು. ಒಬ್ಬರು ನಿಂಬೆಹಣ್ಣು ಎಂದರು, ಇನ್ನೊಬ್ಬರು ಬೆಟ್ಟದ ನೆಲ್ಲಿಕಾಯಿ. ಕನ್ನಡ ಮೇಷ್ಟ್ರು ತಮ್ಮ ತೋಟದಿಂದ ಎಳನೀರು ತರಿಸುತ್ತೇನೆಂದರು. ಮೂಲೆಯಲ್ಲಿ ಸಹಿ ಹಾಕುತ್ತಿದ್ದ ಪ್ರಿನ್ಸಿಪಾಲರು ಮಾತ್ರ ಏನೂ ಹೇಳಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೊರಟ ಮೇಲೆ ನನ್ನನ್ನು ತಡೆದು, ಯಾವ ವೈದ್ಯರು, ಸಂಜೆ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿ ನಂಬರ್ ಬರೆದುಕೊಂಡರು. “ಮನೆಯವರಿಗೇನು ಸರ್?” ಎಂದೆ. “ಇಲ್ಲ, ನನಗೇ” ಎಂದರು. “ಯಾರಿಗೂ ಹೇಳಬೇಡಿ.”