ಹಳೇ ವಿಳಾಸಕ್ಕೆ ಹೊಸ ಕೊಂಡಿ

ಇಳಕಲ್‌ನಲ್ಲಿ ನಮಗೆ ಬೇಕಾದ ಕಾಕಾ ಒಬ್ಬರಿದ್ದಾರೆ. ಅವರ ಸೀರೆ ಅಂಗಡಿಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಒಂದು ದಿನ ಬೆಳಗ್ಗೆ ಫೋನ್ ಬಂತು.

"ತಮ್ಮಾ, ಗಿರಾಕಿಗೆ ವಿಳಾಸ ಹೇಳಾಕ ಆಗವಲ್ದು ನೋಡು. ಪ್ರಾಡಕ್ಟ್ ಡಾಟ್ ಪಿಎಚ್‌ಪಿ ಅಂತ, ಪ್ರಶ್ನಿ ಚಿಹ್ನಿ ಅಂತ, ಐಡಿ 47 ಅಂತ. ಚಿಕ್ಕಿ ಪರಸ ಸೀರಿ ಅಂದ್ರ ಎಲ್ಲಾರಿಗೂ ತಿಳಿತೈತಿ. ಅದನ್ನ ಹಾಕಾಕ ಬರೂದಿಲ್ಲೇನು?"

ಬರುತ್ತದೆ. ಮೊದಲೇ ಮಾಡಬೇಕಿತ್ತು. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಾಗಲಕೋಟೆಯ ನವನಗರದಿಂದ ಬಸ್ ಹತ್ತಿದೆ.

ವಿಳಾಸ ಕನ್ನಡ ಅಕ್ಷರದಲ್ಲೇ ಇರಲಿ ಅನ್ನೋದು ನನ್ನ ಆಸೆ. ಮಾಡಿಯೂ ನೋಡಿದೆ. ಬ್ರೌಸರ್‌ನಲ್ಲಿ ಚೆಂದ ಕಾಣಿಸಿತು. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬರೀ ಶೇಕಡಾ ಚಿಹ್ನೆಗಳ ಸಾಲು. ವಿಳಾಸದಲ್ಲಿ ಬಳಸುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒಂದು ಬೈಟ್ ಬರೆಯಲು ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಹೀಗೆ 'ಇಳಕಲ್' ಎಂಬ ಒಂದೇ ಪದ 45 ಅಕ್ಷರದಷ್ಟು ಉದ್ದವಾಯಿತು. ಮನಸ್ಸಿಲ್ಲದಿದ್ದರೂ ಇಂಗ್ಲಿಷ್ ಅಕ್ಷರಕ್ಕೇ ಬಂದೆ: ಸೀರೆ, ಓರೆಗೆರೆ, ಚಿಕ್ಕಿ-ಪರಸ-47. ನಡುವೆ ಅಡ್ಡಗೆರೆ, ಅಂಡರ್‌ಸ್ಕೋರ್ ಅಲ್ಲ. ಗೂಗಲ್ ಕೊಡುವ ಸಲಹೆಯೂ ಅದೇ. ವಿಳಾಸದಲ್ಲಿ ಸೀರೆಯ ಹೆಸರು ಇದ್ದ ಮಾತ್ರಕ್ಕೆ ಹುಡುಕಾಟದಲ್ಲಿ ಮೊದಲ ಸ್ಥಾನ ಸಿಗುವುದಿಲ್ಲ. ಆದರೆ ಕೊಂಡಿ ನೋಡಿದವರಿಗೆ ಒಳಗೆ ಏನಿದೆ ಅಂತ ಗೊತ್ತಾಗುತ್ತದೆ. ನನಗೆ ಅದೇ ಮುಖ್ಯ.

ಕೆಲಸ ನಡೆಯುವುದು ಎಚ್‌ಟಿಆಕ್ಸೆಸ್ ಎಂಬ ಪುಟ್ಟ ಫೈಲಿನಲ್ಲಿ. ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಸುಮ್ನೆ ನೋಡಿದರೆ ಕಾಣುವುದಿಲ್ಲ. ಪುಟಗಳನ್ನು ಕಳಿಸಿಕೊಡುವ ಅಪಾಚೆ ಸರ್ವರ್‌ನಲ್ಲಿ ವಿಳಾಸ ಬದಲಿಸುವ ಮಾಡ್-ರೀರೈಟ್ ಎಂಬ ಭಾಗ ಇದರಲ್ಲಿನ ನಿಯಮ ಓದುತ್ತದೆ. ನನ್ನ ನಿಯಮ ಇಷ್ಟೇ: 'ಸೀರೆ' ಅಂತ ಶುರುವಾಗುವ ವಿಳಾಸ ಬಂದರೆ ಕೊನೆಯ ಅಂಕಿ ಹಿಡಿದುಕೊ, ಅದನ್ನು ಹಳೇ ಪಿಎಚ್‌ಪಿ ಫೈಲಿಗೆ ಒಳಗಿಂದೊಳಗೇ ಕೊಡು. ನಿಯಮದ ಮೊದಲಿಗೆ ಓರೆಗೆರೆ ಹಾಕಿದ್ದರಿಂದ ಸ್ವಲ್ಪ ಹೊತ್ತು ಏನೂ ನಡೆಯಲಿಲ್ಲ. ಈ ಫೈಲಿನಲ್ಲಿ ನಿಯಮಕ್ಕೆ ಹೊಂದಿಸುವ ಮೊದಲೇ ವಿಳಾಸದ ಆ ಓರೆಗೆರೆಯನ್ನು ಸರ್ವರ್ ತೆಗೆದುಬಿಡುತ್ತದೆ. ನಿಯಮದಿಂದ ನಾನೂ ತೆಗೆದೆ, ಪುಟ ಬಂತು. ಆದರೆ ಬಣ್ಣ, ಫೋಟೊ ಎಲ್ಲಾ ಮಾಯ! 'ಸೀರೆ' ಎಂಬ ಇಲ್ಲದ ಫೋಲ್ಡರ್ ಒಳಗೆ ಬ್ರೌಸರ್ ಅವನ್ನು ಹುಡುಕುತ್ತಿತ್ತು. ಆ ಫೈಲುಗಳ ದಾರಿಯನ್ನು ಸೈಟಿನ ಮೂಲ ಫೋಲ್ಡರ್‌ನಿಂದಲೇ ಬರೆದ ಮೇಲೆ ಸರಿಯಾಯಿತು.

ಅಷ್ಟರಲ್ಲಿ ಕಾಕಾ ಕೇಳಿದರು: "ಹಳೇ ವಿಳಾಸ ಕಳಿಸಿದ ಗಿರಾಕಿಗಳ ಗತಿ ಏನಪಾ? ಊರು ಮುಳುಗಿದಾಗ ನಮ್ಮ ಬೀಗರು ಬಾಗಲಕೋಟಿ ಬಿಟ್ಟು ನವನಗರಕ್ಕ ಹೋದ್ರು. ಹಳೇ ಮನಿಗೆ ಬರದ ಪತ್ರಾನೂ ಪೋಸ್ಟ್‌ಮ್ಯಾನ್ ಸೆಕ್ಟರ್ ಹುಡುಕಿ ಮುಟ್ಟಿಸ್ತಿದ್ದ."

ಆಲಮಟ್ಟಿ ಹಿನ್ನೀರು ಬಂದಾಗ ನಮ್ಮ ಮನೆಯೂ ಹಾಗೇ ಎದ್ದು ಬಂದಿತ್ತು. ಅವರು ಕೇಳಿದ್ದು ನನಗೆ ನಾಟಿತು. ಇದಕ್ಕಾಗಿಯೇ ಸರ್ವರ್ ಕೊಡುವ 301 ಎಂಬ ಉತ್ತರವಿದೆ: ಕಾಯಂ ಆಗಿ ಬೇರೆ ಕಡೆ ಹೋಗಿದೆ, ಇಗೋ ಹೊಸ ವಿಳಾಸ. ಅಂಗಡಿಯಲ್ಲಿದ್ದ 40 ಸೀರೆಗೂ ಒಂದೊಂದು ನಿಯಮ ಬರೆದೆ. ಮೊದಲು 302, ಅಂದರೆ ತಾತ್ಕಾಲಿಕ ಬದಲಾವಣೆಯ ಉತ್ತರ, ಹಾಕಿ ನೋಡಿದೆ, ಯಾಕಂದರೆ 301ನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ತಪ್ಪಿದ್ದರೆ ತಪ್ಪೇ ಉಳಿದುಬಿಡುತ್ತದೆ.

ಹಳೇ ಕೊಂಡಿ ಒತ್ತಿದೆ. ಪುಟ ಸುತ್ತಿ ಸುತ್ತಿ ನಿಂತಿತು. ಜಾಸ್ತಿ ಸಲ ತಿರುಗಿಸಲಾಗಿದೆ ಎಂಬ ಸಂದೇಶ. ಒಂದು ಗಂಟೆ ತಲೆ ಕೆಡಿಸಿಕೊಂಡೆ. ಹಳೆಯದು ಹೊಸದಕ್ಕೆ ಕಳಿಸುತ್ತದೆ, ಹೊಸದು ಒಳಗಡೆ ಹಳೆಯದನ್ನೇ ಕರೆಯುತ್ತದೆ, ಸರ್ವರ್ ಮತ್ತೆ ಮೇಲಿಂದ ಓದಿ ಹಳೆಯದನ್ನು ಹೊಸದಕ್ಕೆ ಕಳಿಸುತ್ತದೆ. ಬ್ರೌಸರ್ ನಿಜವಾಗಿ ಕೇಳಿದ ಮೊದಲ ಸಾಲು 'ದಿ ರಿಕ್ವೆಸ್ಟ್' ಎಂಬ ಹೆಸರಲ್ಲಿ ಬದಲಾಗದೇ ಉಳಿದಿರುತ್ತದೆ. ಅದನ್ನು ನೋಡಿ ಮಾತ್ರ ತಿರುಗಿಸು ಅಂತ ಷರತ್ತು ಹಾಕಿದೆ. ಸುತ್ತು ನಿಂತಿತು. ಹೊಸ ವಿಳಾಸದ ಕೊನೆಗೆ ಹಳೇ 'ಐಡಿ 47' ಬಾಲ ಅಂಟಿಕೊಂಡಿತ್ತು. ನಿಯಮದ ತುದಿಗೆ ಒಂದು ಪ್ರಶ್ನೆ ಚಿಹ್ನೆ ಇಟ್ಟ ಮೇಲೆ ಅದೂ ಹೋಯಿತು.

ಮಧ್ಯಾಹ್ನ ಪಕ್ಕದ ಮನೆಯ ಮಗ್ಗದ ಹತ್ತಿರ ಹೋಗಿ ಕೂತೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಮಾಡಿ ಒಂದಕ್ಕೊಂದು ಸೇರಿಸುತ್ತಾರೆ. ಅದಕ್ಕೆ ಅಲ್ಲಿ ಕೊಂಡಿ ಅಂತಲೇ ಹೆಸರು. ಮಗ್ಗದ ಹತ್ತಿರ ಕೂತಿದ್ದ ತಾಯಿ ಒಂದು ಎಳೆಯನ್ನೂ ಬಿಡದೆ ಸೇರಿಸುತ್ತಿದ್ದರು. ಹತ್ತಿಯ ಎಳೆ ರೇಷ್ಮೆಯ ಎಳೆಗೆ ಸಿಕ್ಕುವ ಜಾಗವನ್ನು ತುಂಬಾ ಹೊತ್ತು ನೋಡಿದೆ.

302 ತೆಗೆದು 301 ಹಾಕಿ ಸಂಜೆ ಬಸ್ ಹತ್ತಿದೆ. ಸೀಟು ಸಿಕ್ಕ ತಕ್ಷಣ ಫೋನ್ ತೆಗೆದು 40 ಹಳೇ ಕೊಂಡಿಗಳನ್ನೂ ಒಂದೊಂದಾಗಿ ಒತ್ತಿದೆ. ಹುನಗುಂದ ಬರುವಷ್ಟರಲ್ಲಿ 39 ತೆರೆದಿದ್ದವು. ಒಂದರಲ್ಲಿ ಅಡ್ಡಗೆರೆ ಎರಡು ಸಲ ಬಿದ್ದಿತ್ತು. ಬಸ್ ನಿಂತಾಗ ಅದನ್ನೂ ತಿದ್ದಿ ಕಾಕಾಗೆ ಫೋನ್ ಮಾಡಿದೆ.