ಜನವರಿ 26ಕ್ಕೆ ನೀವು ಯಾವ ದೇಶದ ಹಬ್ಬ ಮಾಡ್ತೀರಿ?

ಸಿಡ್ನಿಯಿಂದ ಊರಿಗೆ ಫೋನ್ ಮಾಡಿದಾಗ ಪ್ರತಿ ಜನವರಿಯಲ್ಲೂ ಯಾರಾದರೂ ಇದನ್ನು ಕೇಳುತ್ತಾರೆ. ನಮ್ಮ ಗಣರಾಜ್ಯೋತ್ಸವದ ದಿನವೇ ಇಲ್ಲಿ ಆಸ್ಟ್ರೇಲಿಯಾ ಡೇ, ಅದಕ್ಕೆ. ಬೆಳಿಗ್ಗೆ ಕನ್ನಡದ ಗೆಳೆಯರೆಲ್ಲ ಸೇರಿ ತ್ರಿವರ್ಣ ಧ್ವಜ ಹಾರಿಸುತ್ತೇವೆ. ಆಸ್ಟ್ರೇಲಿಯಾ ಡೇಯನ್ನು ಮಾತ್ರ ನಾನು ಆಚರಿಸುವುದಿಲ್ಲ. ನನಗೆ ಅನ್ನ ಕೊಟ್ಟ ದೇಶ ಇದು, ಪ್ರೀತಿ ಬೇಕಾದಷ್ಟಿದೆ. ಆದರೆ ಆ ತಾರೀಕು ಬದಲಾಗಬೇಕು ಅನ್ನುವವರ ಕಡೆ ನಾನಿದ್ದೇನೆ.

1788ರ ಜನವರಿ 26ರಂದು ಬ್ರಿಟಿಷ್ ಹಡಗುಗಳ ನಾಯಕ ಆರ್ಥರ್ ಫಿಲಿಪ್ ಇಲ್ಲಿನ ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ಬಾವುಟ ಏರಿಸಿದ. ಹತ್ತಾರು ಸಾವಿರ ವರ್ಷಗಳಿಂದ ಇಲ್ಲಿದ್ದ ಮೂಲನಿವಾಸಿಗಳಿಗೆ ಅದು ನೆಲ ಕೈತಪ್ಪಲು ಶುರುವಾದ ದಿನ. 150 ವರ್ಷ ತುಂಬಿದಾಗ, 1938ರಲ್ಲಿ, ಸರ್ಕಾರ ಬ್ರಿಟಿಷರು ಬಂದಿಳಿದ ಆ ದೃಶ್ಯವನ್ನು ನಾಟಕದ ಹಾಗೆ ಆಡಿಸಿತು. ಅದಕ್ಕೆ ಮೆನಿಂಡಿಯಂಥ ದೂರದ ಊರುಗಳಿಂದ ಮೂಲನಿವಾಸಿಗಳನ್ನು ಕರೆತಂದು, ಬಿಳಿಯರನ್ನು ಕಂಡು ಓಡಿಹೋಗುವ ಪಾತ್ರ ಕೊಟ್ಟರು. ಅದೇ ದಿನ ಅದೇ ಸಿಡ್ನಿಯ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಮೂಲನಿವಾಸಿಗಳ ಮುಖಂಡರಾದ ವಿಲಿಯಂ ಕೂಪರ್, ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್ ಮತ್ತು ಸಂಗಡಿಗರು ಶೋಕದಿನದ ಸಭೆ ನಡೆಸಿದರು. ಸಮಾನ ಪೌರತ್ವ ಕೊಡಿ ಎಂದು ಕೇಳಿದರು. ಅಂದರೆ ಈ ತಕರಾರು ಇವತ್ತಿನ ಹುಡುಗರು ಹುಟ್ಟಿಸಿದ್ದಲ್ಲ.

ದಿನ ಅದೇ ಇರಲಿ, ಎಲ್ಲರನ್ನೂ ಸೇರಿಸಿಕೊಳ್ಳೋಣ ಅನ್ನುವವರೂ ಇದ್ದಾರೆ. ಸಿಡ್ನಿಯ ಬರಾಂಗರೂವಿನಲ್ಲಿ ಅವತ್ತು ಬೆಳಿಗ್ಗೆ ವುಗುಲೋರಾ ಅನ್ನುವ ಕಾರ್ಯಕ್ರಮ ನಡೆಯುತ್ತದೆ. ಮೂಲನಿವಾಸಿಗಳ ಹಾಡು, ಕುಣಿತ, ಹೊಗೆ ಹಾಕಿ ಶುದ್ಧಿ ಮಾಡುವ ಪದ್ಧತಿ ಎಲ್ಲ ಇರುತ್ತದೆ. ನಾನು ಹೋಗಿ ನಿಂತು ನೋಡಿದ್ದೇನೆ, ಕಣ್ಣು ತುಂಬಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ಪಕ್ಕದ ಮನೆಯವರೂ ಸದ್ದು ತಗ್ಗಿಸುತ್ತಾರೆ. ತಿಥಿಯ ದಿನವೇ ಬಂದು ನಮ್ಮ ಹಬ್ಬದಲ್ಲಿ ಹಾಡಿ ಅಂತ ಯಾರನ್ನಾದರೂ ಕರೆಯುತ್ತೇವಾ?

ತಾರೀಕು ಮುಟ್ಟಬಾರದ್ದೇನಲ್ಲ. ಇಲ್ಲಿನ ಎಲ್ಲ ರಾಜ್ಯಗಳಲ್ಲೂ 26ರಂದೇ ರಜೆ ಅಂತ ಆಗಿದ್ದು 1994ರಿಂದ. ನಮ್ಮದನ್ನೇ ನೋಡಿ. ಸಂವಿಧಾನ ಅಂಗೀಕಾರವಾಗಿದ್ದು 1949ರ ನವೆಂಬರ್ 26ಕ್ಕೆ. 1930ರ ಪೂರ್ಣ ಸ್ವರಾಜ್ಯದ ದಿನ ನೆನಪಿರಲಿ ಅಂತ ಜಾರಿಗೆ ಜನವರಿ 26ನ್ನು ಹುಡುಕಿ ಆರಿಸಿದರು. ಯಾವ ನೆನಪು ಬೇಕು ಅಂತ ಯೋಚಿಸಿಯೇ ದಿನ ಗೊತ್ತು ಮಾಡಿದ ದೇಶದಿಂದ ಬಂದವರು ನಾವು.

ನನ್ನನ್ನು ಕೇಳಿದರೆ ಮೇ 27 ಒಳ್ಳೆಯದು. 1967ರಲ್ಲಿ ಅವತ್ತು ಮೂಲನಿವಾಸಿಗಳನ್ನೂ ಜನಗಣತಿಯಲ್ಲಿ ಸೇರಿಸಬೇಕು ಎಂಬುದಕ್ಕೆ ಶೇ. 90ಕ್ಕಿಂತ ಜಾಸ್ತಿ ಜನ ಹೌದು ಅಂತ ಮತ ಹಾಕಿದ್ದರು. ದಿನ ಬದಲಾದರೆ ಜೈಲು, ಆಸ್ಪತ್ರೆ, ಶಾಲೆಗಳಲ್ಲಿ ಮೂಲನಿವಾಸಿಗಳು ಪಡುವ ಕಷ್ಟ ತೀರುತ್ತದಾ ಅಂತ ಕೇಳುತ್ತಾರೆ. ತೀರುವುದಿಲ್ಲ. ಅದಕ್ಕೆ ಬೇರೆ ಕೆಲಸ ಆಗಬೇಕು, ಅದೂ ಆಗಲಿ. 2023ರ ಜನಮತದಲ್ಲಿ ಅವರ ‘ದನಿ’ಗೆ, ಅಂದರೆ ಸಂಸತ್ತಿಗೆ ಸಲಹೆ ಕೊಡುವ ಅವರದೇ ಮಂಡಳಿಗೆ, ಸಂವಿಧಾನದಲ್ಲಿ ಜಾಗ ಬೇಡ ಅಂತ ಸುಮಾರು ಶೇ. 60 ಜನ ಹೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಇಲ್ಲಿನ ಪೌರತ್ವ ತೆಗೆದುಕೊಂಡದ್ದು ಒಂದು ಜನವರಿ 26ರಂದೇ. ಆಗ ಇದೇನೂ ಗೊತ್ತಿರಲಿಲ್ಲ. ಪ್ರಮಾಣ ಮಾಡಿ, ಕೊಟ್ಟ ಸಸಿ ಹಿಡಿದು ಮನೆಗೆ ಬಂದೆ. ಈಗ ಸ್ಥಳೀಯ ಕೌನ್ಸಿಲ್‌ಗಳು ಆ ಕಾರ್ಯಕ್ರಮವನ್ನು 26ರ ಆಚೆಈಚೆ ಮೂರು ದಿನದೊಳಗೆ ಮಾಡಬಹುದು. ನನ್ನ ಹೆಂಡತಿಯದ್ದು 24ಕ್ಕೆ ಆಯಿತು. ಈ ನೆಲದ ಹಿರಿಯಜ್ಜಿಯೊಬ್ಬರು ಬಂದು, ಅವರ ಭಾಷೆಯಲ್ಲಿ ಎರಡು ಮಾತು ಹೇಳಿ, ಅವಳ ಕೈ ಹಿಡಿದು ಸ್ವಾಗತಿಸಿದರು.