ಸೊಂಟನೋವಿಗೆ ವಿಆರ್: 56 ದಿನದ ಅಭ್ಯಾಸ

2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈಸ್‌ವಿಆರ್‌ಎಕ್ಸ್ ಎಂಬ ವಿಆರ್ (ತಲೆಗೆ ತೊಡುವ ಹೆಡ್‌ಸೆಟ್‌ನಲ್ಲಿ ಸುತ್ತಲೂ ಕೃತಕ ದೃಶ್ಯ ತೋರಿಸುವ ತಂತ್ರ) ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲೆ ಅದರ ಹೆಸರು ರಿಲೀವ್‌ಆರ್‌ಎಕ್ಸ್ ಆಯಿತು. ಮೂರು ತಿಂಗಳು ದಾಟಿದ ಸೊಂಟನೋವಿರುವ ವಯಸ್ಕರಿಗೆ, ವೈದ್ಯರ ಚೀಟಿಯ ಮೇಲೆ, ಬೇರೆ ಚಿಕಿತ್ಸೆಯ ಜೊತೆಗೆ ಬಳಸಲು ಈ ಒಪ್ಪಿಗೆ. ಮೂತ್ರ ಕಟ್ಟುವುದು, ತೊಡೆಸಂದು ಜೋಮು ಹಿಡಿಯುವುದು, ಕಾಲಿನ ಶಕ್ತಿ ಕುಂದುವುದು ಇದ್ದರೆ ಹೆಡ್‌ಸೆಟ್ ಬದಿಗಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಸಾಧನದ ಪರೀಕ್ಷೆಯಲ್ಲಿ 179 ಜನ ಇದ್ದರು. ಒಂದು ಗುಂಪಿಗೆ ನೋವು ನಿಭಾಯಿಸುವ ಈ ವಿಆರ್ ತರಬೇತಿ, ಇನ್ನೊಂದಕ್ಕೆ ಅದೇ ಹೆಡ್‌ಸೆಟ್‌ನಲ್ಲಿ ಚಪ್ಪಟೆ (2ಡಿ) ಪ್ರಕೃತಿ ದೃಶ್ಯಗಳು. ನೋವು ಶೇ 30ಕ್ಕಿಂತ ಹೆಚ್ಚು ಇಳಿದದ್ದು ಮೊದಲ ಗುಂಪಿನ ಶೇ 66 ಜನರಿಗೆ, ಎರಡನೆಯದರ ಶೇ 41 ಜನರಿಗೆ. ಆ 41 ಸಣ್ಣ ಸಂಖ್ಯೆಯೇನಲ್ಲ! ಹಾಗಾಗಿ ತರಬೇತಿಯ ನಿಜವಾದ ಬೆಲೆಯನ್ನು ನಡುವಿನ 25ರಲ್ಲಿ ಹುಡುಕಬೇಕು.

ದಿನಕ್ಕೊಂದು ಪಾಠ, 2ರಿಂದ 16 ನಿಮಿಷ, ಎಂಟು ವಾರ. ಪೆಟ್ಟು ಮಾಗಿದ ಮೇಲೂ ನರಮಂಡಲ ನೋವಿನ ಸೂಚನೆ ಕೊಡುತ್ತಲೇ ಇರಬಹುದು. ಬಗ್ಗಿದರೆ ಏನಾಗುತ್ತದೋ ಎಂಬ ಹೆದರಿಕೆ ಅದನ್ನು ಏರಿಸುತ್ತದೆ. ಪಾಠಗಳು ಕೈಹಾಕುವುದು ಇಲ್ಲಿಗೇ: ನೋವಿನ ತಿಳಿವಳಿಕೆ, ಗಮನ ತಿರುಗಿಸುವುದು, ಮೈ ಸಡಿಲಿಸುವುದು, ನಿಧಾನದ ಉಸಿರು. ಹೆಡ್‌ಸೆಟ್‌ಗೆ ಸಿಕ್ಕಿಸಿದ ಒಂದು ಭಾಗ ಬಿಟ್ಟ ಉಸಿರನ್ನು ಮೈಕಿನ ಕಡೆ ತಿರುಗಿಸುತ್ತದೆ. ಫ್ಯಾನ್ ಮುಖಕ್ಕೆ ನೇರವಾಗಿ ಬೀಸುತ್ತಿದ್ದರೆ ಮೈಕ್ ಅದನ್ನೂ ಉಸಿರೆಂದುಕೊಳ್ಳಬಹುದು. ಆರಿಸಿ ಕೂರುವುದು ಒಳ್ಳೆಯದು.

ತೊಂದರೆ ಹೆಚ್ಚಾಗಿ ತಲೆಯ ಮೇಲಿನ ಭಾರದಿಂದಲೇ. ಶೇ 20.8 ಜನರಿಗೆ ಹೆಡ್‌ಸೆಟ್ ಹಿತವಾಗಲಿಲ್ಲ, ಶೇ 9.7 ಜನರಿಗೆ ತಲೆಸುತ್ತು, ವಾಕರಿಕೆ. ಮೊದಲು ಅಕ್ಷರ ಸ್ಪಷ್ಟವಾಗುವವರೆಗೆ ಹೆಡ್‌ಸೆಟ್ಟನ್ನು ಮೇಲೆ ಕೆಳಗೆ ಸರಿಸಿ, ಆಮೇಲೆ ನೆತ್ತಿಯ ಪಟ್ಟಿ ಬಿಗಿಯಿರಿ. ಪಕ್ಕದ ಪಟ್ಟಿಯನ್ನಷ್ಟೇ ಎಳೆದರೆ ಭಾರವೆಲ್ಲ ಕೆನ್ನೆಗೆ ಬಿದ್ದು, ಕತ್ತು ಮುಂದೆ ಬಾಗುತ್ತದೆ. ಸೊಂಟನೋವಿಗೆ ಕತ್ತುನೋವೂ ಜೊತೆಯಾಗುತ್ತದೆ. ಬೆನ್ನಿಗೆ ಆಸರೆಯಿರುವ, ಗಾಲಿಯಿಲ್ಲದ ಕುರ್ಚಿ ಇರಲಿ. ತಲೆಯ ತಿರುವನ್ನಷ್ಟೇ ಗುರುತಿಸುವ ಹೆಡ್‌ಸೆಟ್ ಆದರೆ ಮುಂದೆ ಹಿಂದೆ ವಾಲಬೇಡಿ: ಮೈ ಚಲಿಸಿ ದೃಶ್ಯ ಚಲಿಸದಿದ್ದಾಗ ವಾಕರಿಕೆ ಶುರುವಾಗುತ್ತದೆ. ವಾಕರಿಕೆ ಬಂದರೆ ಕಣ್ಣು ಮುಚ್ಚಿ, ಹೆಡ್‌ಸೆಟ್ ತೆಗೆದು, ಆ ದಿನಕ್ಕೆ ಅಲ್ಲಿಗೇ ಬಿಡಿ. ಅಪಸ್ಮಾರ ಇದ್ದವರು ವೈದ್ಯರನ್ನು ಕೇಳದೆ ತೊಡಲೇಬಾರದು.

ವಾರವಿಡೀ ಬಿಟ್ಟು ಭಾನುವಾರ ಏಳು ಪಾಠ ಮುಗಿಸಿದರೆ ಅದು ಬರೀ ವಿಡಿಯೊ ನೋಡಿದಂತೆ. ಅಂಗಡಿಯ ಹೆಡ್‌ಸೆಟ್‌ನಲ್ಲಿ ಆಟ ಆಡಿದರೂ ಆ ಹೊತ್ತಿಗೆ ನೋವು ಮರೆಯಬಹುದು, ತೆಗೆದ ಮೇಲೆ ಬಳಸಲು ಏನೂ ಕಲಿತಿರುವುದಿಲ್ಲ.